ಅಳುವ ರಾಗಕ್ಕೆ ಕಟ್ಟಿದ ಬೀಗರ ಹಾಡು

ನಮ್ಮ ಕಡೆಯ ಮದುವೆಗಳಲ್ಲಿ ಬೀಗರನ್ನು ಜರೆಯುವ ಹಾಡೊಂದಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಯಾವ ಛತ್ರಕ್ಕೆ ಬೇಕಾದರೂ ಹೋಗಿ, ಊಟದ ಹೊತ್ತಿಗೆ ಯಾರಾದರೂ ಅದನ್ನು ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ. ಹಿಂದೆ ಬರೀ ಬಾಯಲ್ಲಿ ಹಾಡುತ್ತಿದ್ದರು, ಈಗ ಮೈಕು ಬಂದಿದೆ. ಈಚೆಗೆ ಒಂದು ಮದುವೆಯಲ್ಲಿ ಒಂದೇ ಬಣ್ಣದ ಸೀರೆ ಉಟ್ಟ ನಾಲ್ವರು ಹುಡುಗಿಯರು ವೇದಿಕೆ ಹತ್ತಿ ಹಾಡಿದರು. ಕೆಟ್ಟದಾಗೇನೂ ಹಾಡಲಿಲ್ಲ, ನಾಲ್ಕು ದನಿಯೂ ಹೊಂದಿಕೊಂಡಿದ್ದವು. ಹಾಡುವ ಮೊದಲು ಒಬ್ಬಳು, "ಇದು ನಮ್ಮ ಹಿರಿಯರ ಹಾಡು, ಯಾರು ಕಟ್ಟಿದರೋ ಗೊತ್ತಿಲ್ಲ" ಅಂದಳು. ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಗೊತ್ತಿಲ್ಲವಂತೆ! ಕೆಳಗಿಳಿದು ಬಂದು ಕೇಳಿದ್ದರೆ ಹೇಳುತ್ತಿದ್ದೆ. ಅದನ್ನು ಕಟ್ಟಿದವಳು ನನ್ನ ಚಿಕ್ಕವ್ವ, ಅಂದರೆ ನಮ್ಮವ್ವನ ತಂಗಿ. ಕಟ್ಟಿದ್ದು ನನ್ನ ಮದುವೆಗೆ. ಅದರಲ್ಲಿ ಬರುವ ಗಂಡು ನನ್ನ ಗಂಡ.

ಐವತ್ತರ ದಶಕದ ನಡುವಿನ ಮಾತು. ಚಾಮರಾಜನಗರದಲ್ಲಿ ನಮ್ಮ ಮನೆ ಮತ್ತು ಚಿಕ್ಕವ್ವನ ಮನೆ ಒಂದೇ ಬೀದಿಯಲ್ಲಿದ್ದವು. ಅಪ್ಪನಿಗೆ ಉಡಿಗಾಲದ ದಾರಿಯಲ್ಲಿ ಹೊಲ, ಅದರಲ್ಲಿ ಅರಿಶಿನ. ಬೆಳೆದದ್ದನ್ನು ಮಾರಿಸಿ ಕೊಡುತ್ತಿದ್ದವರು ಚಿಕ್ಕವ್ವನ ಗಂಡ, ನಮ್ಮ ಚಿಕ್ಕಪ್ಪ. ಅವರದು ಅರಿಶಿನದ ವ್ಯಾಪಾರ. ಮೈಸೂರಿನ ರೈಲಿಗೂ ಮೂಟೆ ಹಾಕುತ್ತಿದ್ದರು, ಗುಂಡ್ಲುಪೇಟೆಯ ಕಡೆಗೂ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಯಾವುದೇ ದೊಡ್ಡ ಮಾತು ಚಿಕ್ಕಪ್ಪ ಬಂದು ಕುಳಿತ ಮೇಲೆಯೇ ಶುರುವಾಗುತ್ತಿತ್ತು. ಅಪ್ಪ ಸಾಧು ಮನುಷ್ಯ, ಷಡ್ಡಕ ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು.

ಚಿಕ್ಕವ್ವನಿಗೆ ಮಕ್ಕಳಿರಲಿಲ್ಲ. ಅವಳಿಗೆ ಇದ್ದದ್ದು ನಾನು ಮತ್ತು ಹಾಡು. ಮದುವೆಗೆ ಸೋಬಾನೆ ಹಾಡುವ ನಾಲ್ವರ ಗುಂಪೊಂದನ್ನು ಕಟ್ಟಿಕೊಂಡಿದ್ದಳು. ಮುಂದೆ ಹೇಳುವವಳು ಅವಳು, ಅವಳ ದನಿಗೆ ದನಿ ಜೋಡಿಸುವವಳು ನಾನು, ನಾವು ಹೇಳಿದ್ದನ್ನು ತಿರುಗಿ ಹೇಳಲು ಹಿಂದಿನ ಬೀದಿಯ ಅಕ್ಕತಂಗಿಯರಿಬ್ಬರು. ಆ ಅಕ್ಕತಂಗಿಯರು ಒಬ್ಬರನ್ನೊಬ್ಬರು ಬಿಟ್ಟು ನೀರಿಗೂ ಹೋಗುತ್ತಿರಲಿಲ್ಲ. ಇಬ್ಬರದೂ ದಪ್ಪ ದನಿ, ಒಬ್ಬಳು ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು. ಹಾಗಾಗಿ ಹಾಡು ಎಲ್ಲೂ ಕಡಿಯುತ್ತಿರಲಿಲ್ಲ. ನಾಲ್ವರೂ ಸೇರಿ ಎತ್ತಿದರೆ ಚಪ್ಪರದಲ್ಲಿದ್ದ ಗಂಡಸರು ಮಾತು ನಿಲ್ಲಿಸಿ ಇತ್ತ ತಿರುಗುತ್ತಿದ್ದರು. ಸುತ್ತಲ ಊರುಗಳವರು ವೀಳ್ಯ ಕೊಟ್ಟು ಕರೆಯುತ್ತಿದ್ದರು, ಗಾಡಿ ಕಳಿಸುತ್ತಿದ್ದರು. ನಮಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಾವು ಹಾಡುತ್ತಿದ್ದುದು ಎರಡು ಬಗೆ. ಶಾಸ್ತ್ರದ ಹಾಡುಗಳು ಒಂದು ಬಗೆ, ಅರಿಶಿನ ಹಚ್ಚುವಾಗ ಒಂದು, ಆರತಿ ಎತ್ತುವಾಗ ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಒಂದು. ಅವನ್ನು ಹಿಂದಿನಿಂದ ಬಂದ ಹಾಗೆಯೇ ಹಾಡಬೇಕು, ಒಂದು ಮಾತು ಆಚೀಚೆ ಮಾಡುವಂತಿಲ್ಲ. ಇನ್ನೊಂದು ಬಗೆ ಬೀಗರ ಹಾಡು. ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ಬಂದು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಜರೆದು ಹಾಡುವುದು. ಇದನ್ನು ಆಯಾ ಮದುವೆಗೆ ಹೊಸದಾಗಿ ಕಟ್ಟಬೇಕು. ಗಂಡಿನ ಅವ್ವ ಕೋಳಿ ಕದ್ದಳು, ಗಂಡಿನ ಅಪ್ಪ ಹಜಾಮನಿಗೆ ಹೆದರಿ ಅಟ್ಟ ಹತ್ತಿದ, ಗಂಡಿಗೆ ಕಣ್ಣು ಕಾಣದು, ಬಾಯಿ ಬಾರದು, ಹೀಗೆ ಏನು ಬೇಕಾದರೂ ಅನ್ನಬಹುದು. ಬೀಗರು ಮುನಿಸಿಕೊಳ್ಳುವ ಹಾಗಿಲ್ಲ, ಆಮೇಲೆ ಅದನ್ನು ಎತ್ತಿ ಆಡುವ ಹಾಗೂ ಇಲ್ಲ. ಹಾಡು ನಿಲ್ಲಬೇಕಾದರೆ ಅವರು ವೀಳ್ಯವನ್ನೂ ರವಿಕೆ ಕಣವನ್ನೂ ತಂದು ನಮ್ಮ ಮುಂದೆ ಇಡಬೇಕು, ಅಷ್ಟೆ. ವರ್ಷವಿಡೀ ಅತ್ತೆಮಾವಂದಿರ ಎದುರು ಪಿಟ್ ಎನ್ನದ ಹೆಂಗಸರು ಅವತ್ತು ಒಂದು ಗಂಟೆ ಹೊತ್ತು ಬಾಯಿಗೆ ಬಂದದ್ದು ಅಂದು ನಗುತ್ತಿದ್ದರು.

ಬೀಗರ ಹಾಡು ಕಟ್ಟುವುದರಲ್ಲಿ ನನ್ನ ಕೈ ಮುಂದು. ಗಂಡಿಗೆ ಬೇರೆ ಹೆಂಡತಿ ಇದ್ದಾಳೆ ಅನ್ನುವ ತಮಾಷೆಯಂತೂ ನನಗೆ ಬಲು ಇಷ್ಟ. ಕುದೇರಿನ ಒಂದು ಮದುವೆಯಲ್ಲಿ ಗಂಡಿಗೆ ಮೈಸೂರಿನಲ್ಲಿ ಏಳು ಜನ ಹೆಂಡಿರು, ಏಳು ಜನರೂ ಸೇರಿ ಇವನ ಜುಟ್ಟು ಎಳೆಯುತ್ತಾರೆ ಎಂದು ಕಟ್ಟಿದ್ದೆ. ಆ ಹುಡುಗ ಪಾಪ ಮೈಸೂರನ್ನು ನೋಡಿಯೇ ಇರಲಿಲ್ಲ. ಎಲೆಯ ಮುಂದೆ ತಲೆ ಬಗ್ಗಿಸಿ ಕುಳಿತಿದ್ದ, ಕಿವಿ ಕೆಂಪಗಾಗಿತ್ತು. ಮದುವಣಗಿತ್ತಿಯೇ ಬಾಗಿಲ ಮರೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಆಮೇಲಿಂದ ಎಲ್ಲಿ ಹೋದರೂ, "ಏಳೆಂಡ್ರು ಪದ ಯೋಳ್ರವ್ವ" ಎಂದು ಕೇಳುವವರು ಹುಟ್ಟಿಕೊಂಡರು. ಊರೂರಿಗೆ ಹೆಂಡಿರ ಲೆಕ್ಕ ಏರುತ್ತಾ ಹೋಯಿತು.

ನನಗೆ ಗಂಡು ತಂದವರು ಚಿಕ್ಕಪ್ಪನೇ. ಗುಂಡ್ಲುಪೇಟೆಯಲ್ಲಿ ಅವರಿಗೆ ವ್ಯಾಪಾರದಲ್ಲಿ ಪರಿಚಯವಿದ್ದ ಮನೆ. ಒಬ್ಬನೇ ಮಗ, ಒಳ್ಳೆಯ ಅಂಗಡಿ, ಇಲ್ಲಿಂದ ಬೆಲ್ಲ, ಹುರುಳಿ, ಅರಿಶಿನ ತುಂಬಿಕೊಂಡು ಕಾಡು ದಾಟಿ ಮಲೆಯಾಳದ ಸೀಮೆಯ ಬತ್ತೇರಿಗೆ ಹೋಗುತ್ತಾನೆ, ಅಲ್ಲಿಂದ ಮೆಣಸು, ಶುಂಠಿ ತರುತ್ತಾನೆ. "ಉಡ್ಗಿ ರಾಣಿ ಅಂಗಿರ್ತಾಳೆ ಬುಡಿ ಭಾವ" ಅಂದರು ಚಿಕ್ಕಪ್ಪ. ಅಪ್ಪ ಹೂಂ ಅಂದ. ಗಂಡು ನೋಡಲು ಬಂದಾಗ ನಾನು ಬಾಗಿಲ ಸಂದಿಯಲ್ಲಿ ನೋಡಿದೆ. ಎತ್ತರ ಇದ್ದರು, ಮಾತು ಮೆಲ್ಲಗೆ. ತಿಂಡಿ ಕೊಟ್ಟ ನಮ್ಮಜ್ಜಿಗೆ, "ಸಾಕು ಕಣವ್ವ, ನೀವು ಕೂತ್ಕಳಿ" ಅಂದರು. ನನಗೆ ಅಷ್ಟೇ ಸಾಕಾಯಿತು. ಅವತ್ತಿನ ಮಟ್ಟಿಗೆ ನಾನು ಖುಷಿಯಾಗಿಯೇ ಒಪ್ಪಿದ್ದು, ಯಾರೂ ಬಲವಂತ ಮಾಡಲಿಲ್ಲ. ನಿಶ್ಚಯದ ದಿನ ಚಿಕ್ಕವ್ವನೂ ಖುಷಿಯಾಗಿದ್ದಳು, "ನಿನ್ ಮದ್ವೇಲಿ ನಿನ್ ಗಂಡನ್ಗೆ ನೀರಿಳಿಸ್ತೀನಿ ನೋಡ್ತಿರಮ್ಮಿ" ಎಂದು ನನ್ನ ಕೆನ್ನೆ ಹಿಂಡಿದಳು.

ಮದುವೆಯ ಹಿಂದಿನ ದಿನ ಗಂಡಿನ ಕಡೆಯವರು ಒಂದು ಬಸ್ಸು ಮಾಡಿಕೊಂಡು ಬಂದರು. ಬೀದಿಯ ಕೊನೆಯ ಮನೆಯಲ್ಲಿ ಅವರಿಗೆ ಬಿಡದಿ. ಕೈಕಾಲಿಗೆ ನೀರು, ಪಾನಕ ಎಲ್ಲ ಒಯ್ದು ನೋಡಿಕೊಂಡವಳು ಚಿಕ್ಕವ್ವ. ಹೋಗುವಾಗ ನಗುನಗುತ್ತಾ ಹೋದಳು. ಬಂದ ಮೇಲೆ ಒಂದು ಸಲ ನನ್ನ ಹತ್ತಿರ ಬಂದು ನಿಂತಳು. ನನ್ನ ಸುತ್ತ ಹೆಂಗಸರು ತುಂಬಿದ್ದರು, ಒಬ್ಬಳು ಕೈಗೆ ಬಳೆ ಏರಿಸುತ್ತಿದ್ದಳು, ಇನ್ನೊಬ್ಬಳು ಜಡೆ ಹೆಣೆಯುತ್ತಿದ್ದಳು. ಚಿಕ್ಕವ್ವ ಸುಮ್ಮನೆ ನಿಂತು ನೋಡಿ ಹೋದಳು. ಮಗಳು ಹೋಗುತ್ತಾಳಲ್ಲ ಎಂದು ಸಂಕಟ ಪಡುತ್ತಿದ್ದಾಳೆ ಅಂದುಕೊಂಡೆ, ನನಗೂ ಅಳು ಬಂತು.

ಸಂಜೆ ಚಪ್ಪರದಲ್ಲಿ ಬೀಗರಿಗೆ ಎಲೆ ಹಾಕಿದರು. ಗ್ಯಾಸ್ ಲೈಟು ಹಚ್ಚಿದ್ದರು. ನಾನು ನಡುಮನೆಯ ಹೊಸ್ತಿಲ ಒಳಗೆ ಕುಳಿತಿದ್ದೆ, ಅಲ್ಲಿಂದ ಚಪ್ಪರ ಕಾಣುತ್ತಿತ್ತು. ನನ್ನ ಜಾಗ ಖಾಲಿಯಾದ್ದರಿಂದ ಮೂವರೇ ಹಾಡಬೇಕಿತ್ತು. ಅಕ್ಕತಂಗಿಯರು ಮೊದಲು ಗಂಡಿನ ಅಪ್ಪನ ಹೊಟ್ಟೆಯನ್ನು ಹಿಡಿದುಕೊಂಡರು, ಆಮೇಲೆ ಅವರ ಬಸ್ಸನ್ನು. ಜನ ನಕ್ಕರು. ನಾನು ಚಿಕ್ಕವ್ವನ ಸರದಿಗೆ ಕಾಯುತ್ತಿದ್ದೆ. ಅವಳು ಎದ್ದು ನಿಂತಳು. ಬೀಗರ ಹಾಡನ್ನು ಯಾರೂ ನಿಂತು ಹಾಡುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎತ್ತಿಕೊಂಡಳು.

ಗುಂಡ್ಲುಪ್ಯಾಟೆ ಗಂಡಿಗೆ ಎಲ್ಡು ಮನೆಯವ್ವ
ಕಾಡೀನ ಈಚೆಗೊಂದು, ಕಾಡೀನ ಆಚೆಗೊಂದು
ಆಚೆಯ ಮನೆಯಾಗೆ ಹೆಂಡ್ತಿ ಕುಂತವಳೆ
ಕೂಸೀಗೆ ಹಾಲ್ಕೊಟ್ಟು ದಾರಿ ನೋಡ್ತವಳೆ

ಕೊನೆಯ ಸಾಲನ್ನು ಅಕ್ಕತಂಗಿಯರು ಹಿಡಿದುಕೊಂಡರು, "ನೋಡ್ತವಳೆ, ದಾರಿ ನೋಡ್ತವಳೆ." ಚಪ್ಪರ ಬಿದ್ದು ಬಿದ್ದು ನಕ್ಕಿತು. ಏಳು ಹೆಂಡಿರ ಹಾಡು ಕೇಳಿದ್ದ ಜನವಲ್ಲವೆ, ಇದು ಒಬ್ಬಳೇ ಹೆಂಡತಿಗೆ ಇಳಿಯಿತು ಎಂದು ಯಾರೋ ಕೂಗಿ ಹೇಳಿದರು. ಗಂಡು ತಲೆ ಎತ್ತಿ ನೋಡಿ, ಎಲ್ಲರೂ ನಗುವುದು ಕಂಡು ತಾನೂ ನಕ್ಕರು. ಅವರ ಅವ್ವ ಅರ್ಧ ಊಟದಲ್ಲಿ ಎದ್ದು ವೀಳ್ಯ, ಕಣ ತಂದು ಇಟ್ಟರು. ಧಾರಾಳದ ಬೀಗಿತ್ತಿ ಎಂದು ನಮ್ಮ ಹೆಂಗಸರೆಲ್ಲ ಮೆಚ್ಚಿದರು. ಚಿಕ್ಕವ್ವ ಕಣದ ಕಡೆ ನೋಡಲಿಲ್ಲ. ಎರಡನೆಯ ನುಡಿ ಎತ್ತಿಕೊಂಡಳು, ಆಮೇಲೆ ಮೂರನೆಯದು. ಮೂರನೆಯದರಲ್ಲಿ, ಹೊತ್ತು ಮೀರಿಲ್ಲ, ತಾಳಿ ಬಿದ್ದಿಲ್ಲ, ಹೆಣ್ಣಿನವರೇ ಎದ್ದೇಳಿ ಎಂದು ಬರುತ್ತದೆ. ಅದಕ್ಕೆ ಇನ್ನೂ ಜೋರು ನಗು.

ಹಾಡುವವಳಾಗಿ ನನಗೆ ಅವತ್ತು ಹಿಡಿಸಿದ್ದು ಆ ಮಾತುಗಳಲ್ಲ. ಬೀಗರ ಹಾಡಿಗೆ ಚಪ್ಪಾಳೆಯ ಚುರುಕು ಮಟ್ಟು ಇರುತ್ತದೆ. ಚಿಕ್ಕವ್ವ ಇದನ್ನು ಹೆಣ್ಣು ಒಪ್ಪಿಸಿಕೊಡುವ ಹಾಡಿನ ರಾಗದಲ್ಲಿ ಹಾಡಿದ್ದಳು, ಎಲ್ಲ ಮುಗಿದ ಮೇಲೆ ಹೆಣ್ಣಿನ ಕೈಯನ್ನು ಅತ್ತೆಯ ಕೈಗೆ ಇಡುವಾಗ ಹಾಡುವ ಆ ನಿಧಾನದ ಅಳುವ ರಾಗದಲ್ಲಿ. ಜರೆಯುವ ಮಾತಿಗೆ ಅಳುವ ರಾಗ! ನಾವು ಯಾರೂ ಹಾಗೆ ಮಾಡಿರಲಿಲ್ಲ, ಮಾಡಬಹುದು ಅಂತಲೂ ಹೊಳೆದಿರಲಿಲ್ಲ. ನನ್ನ ಮದುವೆಗೆಂದೇ ಇವಳು ಈ ಹೊಸ ವರಸೆ ತೆಗೆದಳು ಎಂದು ನನಗೆ ಹೆಮ್ಮೆಯಾಯಿತು. ಚಿಕ್ಕವ್ವ ಬೀಗರ ಕಡೆ ತಿರುಗದೆ ನನ್ನ ಮುಖವನ್ನೇ ನೋಡುತ್ತಾ ಹಾಡುತ್ತಿದ್ದಳು. ನಾನು ಅವಳನ್ನು ನೋಡಿ ನಕ್ಕೆ. ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ, ನನ್ನ ಪಾಲಿನ ದನಿಯನ್ನು ಒಳಗೊಳಗೇ ಹಾಡಿಕೊಳ್ಳುತ್ತಾ, ಚೆನ್ನಾಗಿದೆ ಎಂದು ತಲೆಯನ್ನೂ ಆಡಿಸಿದೆ.

ಚಿಕ್ಕವ್ವ ಹಾಡು ಮುಗಿಸಿ ಹಿತ್ತಲಿಗೆ ಹೋದಳು. ಮಾರನೆಯ ಬೆಳಿಗ್ಗೆ ತಾಳಿ ಬಿತ್ತು. ಹೆಣ್ಣು ಒಪ್ಪಿಸುವಾಗ ಹಾಡಲು ಅವಳನ್ನು ಕರೆದರೆ ಗಂಟಲು ಕಟ್ಟಿದೆ ಅಂದಳಂತೆ. ಅಕ್ಕತಂಗಿಯರೇ ಹೇಗೋ ಹಾಡಿ ಮುಗಿಸಿದರು. ನಾನು ಬಸ್ಸು ಹತ್ತುವಾಗಲೂ ಚಿಕ್ಕವ್ವ ಕಾಣಲಿಲ್ಲ.

ಆ ಹಾಡು ಮಾತ್ರ ನನಗಿಂತ ಮೊದಲೇ ಗುಂಡ್ಲುಪೇಟೆ ಸೇರಿತ್ತು. ಮದುವೆಗೆ ಬಂದವರೇ ಬಾಯಲ್ಲಿ ತಂದಿದ್ದರು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ಕಂಡರೆ "ನೋಡ್ತವಳೆ, ದಾರಿ ನೋಡ್ತವಳೆ" ಎಂದು ಗುನುಗಿ ಕಣ್ಣು ಮಿಟುಕಿಸುತ್ತಿದ್ದರು. ನಾನೂ ಸೇರಿಕೊಳ್ಳುತ್ತಿದ್ದೆ. ಅಲ್ಲಿ ಯಾರ ಮನೆಯ ಮದುವೆಯಾದರೂ ನನ್ನನ್ನು ಕರೆದು ಕೂರಿಸಿ, "ನಿಮ್ ಮದ್ವೆ ಪದ ಅಲ್ವ್ರಾ, ನೀವೇ ಎತ್ಕಳಿ" ಅನ್ನುತ್ತಿದ್ದರು. ನಾನು ಎತ್ತಿಕೊಳ್ಳುತ್ತಿದ್ದೆ. ಊರಿನ ಹೆಸರು ಬದಲಾಯಿಸಿಕೊಂಡರೆ ಆಯಿತು, ಎಲ್ಲ ಗಂಡಿಗೂ ಹೊಂದುತ್ತಿತ್ತು. ತೆರಕಣಾಂಬಿಯ ಗಂಡು, ಕೊಳ್ಳೇಗಾಲದ ಗಂಡು, ನಂಜನಗೂಡಿನ ಗಂಡು. ನನ್ನ ಬಾಯಿಂದಲೇ ಎಷ್ಟು ಊರಿಗೆ ಹಂಚಿದೆನೋ!

ಯಜಮಾನರು ಕೆಟ್ಟವರಾಗಿರಲಿಲ್ಲ, ಅದನ್ನೂ ಹೇಳಬೇಕು. ಕೈ ಎತ್ತಿದವರಲ್ಲ, ಜೋರಾಗಿ ಮಾತಾಡಿದವರಲ್ಲ. ಬತ್ತೇರಿಗೆ ಹೋದರೆ ವಾರ, ಕೆಲವು ಸಲ ಹತ್ತು ಹನ್ನೆರಡು ದಿನ. ವ್ಯಾಪಾರ ಅಂದರೆ ಹಾಗೇ ಅಂದುಕೊಂಡಿದ್ದೆ. ಬರುವಾಗ ನನಗೆ ಬಾಳೆಕಾಯಿ ಚಿಪ್ಸ್ ತರುತ್ತಿದ್ದರು. ನಾನು ಮೆಚ್ಚಿ ತಿನ್ನುತ್ತಿದ್ದೆ.

ನನಗೆ ಕೊರಗಿದ್ದದ್ದು ಚಿಕ್ಕವ್ವನದೊಂದೇ. ಅವಳು ಒಂದು ಸಲವೂ ಗುಂಡ್ಲುಪೇಟೆಗೆ ಬರಲಿಲ್ಲ. ನಾನು ತವರಿಗೆ ಹೋದಾಗ ಮುಖ ಕೊಟ್ಟು ಮಾತಾಡಲಿಲ್ಲ. "ಚೆನ್ನಾಗಿದ್ದೀಯಾ?" ಅಂದರೆ ಮುಗಿಯಿತು, ಎದ್ದು ಒಳಗೆ ಹೋಗುವಳು. ಗುಂಪು ಕಟ್ಟಿ ಹಾಡುವುದನ್ನೂ ಬಿಟ್ಟಿದ್ದಳು, ಅಕ್ಕತಂಗಿಯರು ಬಂದು ಕಾಲು ಹಿಡಿದರೂ ಕೇಳಲಿಲ್ಲವಂತೆ. ಇಂಥ ಹಾಡು ಕಟ್ಟಿದವಳು, ಅದು ಊರೆಲ್ಲ ಹಬ್ಬಿರುವಾಗ ಬಾಯಿ ಹೊಲಿದುಕೊಂಡು ಕುಳಿತಿದ್ದಾಳಲ್ಲ ಎಂದು ನನಗೆ ಸಿಟ್ಟು. ನಾನು ಒಳ್ಳೆಯ ಮನೆ ಸೇರಿ ಸುಖವಾಗಿರುವುದು ಕಂಡು ಹೊಟ್ಟೆಕಿಚ್ಚೇ ಎಂದೂ ಒಮ್ಮೆ ಅನ್ನಿಸಿತು. ಅವ್ವನ ಹತ್ತಿರ ಹಾಗೆ ಅಂದು ಬೈಸಿಕೊಂಡೆ.

ಮದುವೆಯಾಗಿ ನಾಲ್ಕನೆಯ ವರ್ಷ. ಮಗನಿಗೆ ಎರಡು ತುಂಬಿತ್ತು, ನಾನು ಮತ್ತೆ ಬಸುರಿ. ಯಜಮಾನರು ಕಡಲೆಕಾಯಿ ತರಲು ಮೈಸೂರಿಗೆ ಹೋಗಿದ್ದರು. ಮಧ್ಯಾಹ್ನ ಬತ್ತೇರಿ ಕಡೆಯ ಬಸ್ಸು ಬಂದ ಹೊತ್ತಿನಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬಿಳಿ ಪಂಚೆಯ ಹಾಗಿನ ಸೀರೆ, ಹೆಗಲ ಮೇಲೆ ಐದಾರು ವರ್ಷದ ಒಂದು ಹೆಣ್ಣುಮಗು. ಮಗುವಿನ ಮುಖ ಜ್ವರಕ್ಕೆ ಬಾಡಿತ್ತು. ನೀರು ಬೇಕೇನೋ ಎಂದು ಎದ್ದೆ.

"ಅವರು ಉಂಟಾ?" ಅಂದಳು. ಅವಳ ಕಡೆಯ ಭಾಷೆ ಕಲಸಿದ ಕನ್ನಡ.

"ಯಾರು?"

"ಇವಳ ಅಪ್ಪ."

ಮಗು ತಲೆ ಎತ್ತಿ ನನ್ನನ್ನು ನೋಡಿತು. ನಮ್ಮ ಮನೆಯವರ ಹುಬ್ಬು, ನಮ್ಮ ಮನೆಯವರ ಮೂಗು. ಇನ್ನೇನೂ ಕೇಳುವುದು ಉಳಿದಿರಲಿಲ್ಲ. ನನ್ನ ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಯಿತು. ಅವರು, "ಅಯ್ಯೋ ಶಿವ್ನೆ, ಇಲ್ಲಿಗೇ ಬಂದ್ಬುಟ್ಲಾ?" ಅಂದರು. ಬಂದ್ಬುಟ್ಲಾ ಅಂದರು, ಯಾರಿವಳು ಅನ್ನಲಿಲ್ಲ. ಅತ್ತೆಗೆ ಎಲ್ಲ ಗೊತ್ತಿತ್ತು.

ಆ ಹೆಂಗಸಿಗೆ ನನ್ನ ಬಗ್ಗೆ ಗೊತ್ತಿರಲಿಲ್ಲ. ನನ್ನ ತಾಳಿ ನೋಡಿದಳು, ಹೊಟ್ಟೆ ನೋಡಿದಳು, ನನ್ನ ಮಗನನ್ನು ನೋಡಿದಳು, ಅಲ್ಲೇ ಜಗಲಿಯ ಮೇಲೆ ಕುಸಿದಳು. ಮಗುವಿನ ಜ್ವರ ಬಿಡುತ್ತಿಲ್ಲ, ಅವರು ತಿಂಗಳಿಂದ ಬಂದಿಲ್ಲ, ಅದಕ್ಕೆ ಕೇಳಿಕೊಂಡು ಬಂದೆ ಎಂದು ತಡವರಿಸಿ ಹೇಳಿದಳು. ನಾನು ಅವಳ ಮೇಲೆ ಕೂಗಾಡಬೇಕಿತ್ತೇನೋ. ಮಗುವನ್ನು ಇಸಿದುಕೊಂಡು ಒಳಗೆ ಚಾಪೆಯ ಮೇಲೆ ಮಲಗಿಸಿ ಡಾಕ್ಟರಿಗೆ ಹೇಳಿಕಳಿಸಿದೆ. ಅದರ ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತಾಗ ಚಿಕ್ಕವ್ವನ ಹಾಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನನ್ನ ತಲೆಯಲ್ಲಿ ಹಾದುಹೋಯಿತು. ಕಾಡಿನಾಚೆಯ ಮನೆ, ಹೆಂಡತಿ, ಕೂಸು. ಒಂದು ಮಾತಿನಲ್ಲೂ ಸುಳ್ಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಗುವಿನ ಜ್ವರ ಇಳಿದಿತ್ತು. ಅವರಿಬ್ಬರನ್ನೂ ಮನೆಯಲ್ಲೇ ಬಿಟ್ಟು, ನನ್ನ ಮಗನನ್ನು ಎತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ತವರುಮನೆಯ ಮುಂದೆಯೇ ಹಾದು, ಒಳಗೆ ಹೋಗದೆ, ನೆಟ್ಟಗೆ ಚಿಕ್ಕವ್ವನ ಮನೆಗೆ ಹೋದೆ. ಅಂಗಳದ ತುಂಬ ಬೇಯಿಸಿದ ಅರಿಶಿನ ಹರವಿದ್ದರು. ಚಿಕ್ಕವ್ವ ಕುಕ್ಕರುಗಾಲಲ್ಲಿ ಕುಳಿತು ಕೊಂಬುಗಳನ್ನು ತಿರುವಿ ಹಾಕುತ್ತಿದ್ದಳು. ಚಿಕ್ಕಪ್ಪ ಊಟ ಮಾಡಿ ಒಳಗೆ ಮಲಗಿದ್ದರು.

"ನಿನ್ಗೆ ಗೊತ್ತಿತ್ತು" ಅಂದೆ. ಬಿಸಿಲಿನಲ್ಲಿ ನಡೆದು ಬಂದು ಏದುಸಿರು ಬರುತ್ತಿತ್ತು.

ಚಿಕ್ಕವ್ವ ತಲೆ ಎತ್ತಿದಳು. ಏನು ಎಂದು ಕೇಳಲಿಲ್ಲ. ಮಗನನ್ನು ಇಳಿಸಿಕೊಂಡು ನೆರಳಿಗೆ ಕೂರಿಸಿದಳು.

"ಬಂದಿದ್ಲು. ಕೂಸ್ನೂ ಕರ್ಕಂಡು ಬಂದಿದ್ಲು. ನಿನ್ಗೆ ಗೊತ್ತಿತ್ತು, ಗೊತ್ತಿದ್ದೂ ನಂಗೆ ಏಳ್ನಿಲ್ಲ ನೀನು."

"ಏಳ್ದೆ ಕಣವ್ವ" ಅಂದಳು ಚಿಕ್ಕವ್ವ. "ಮೂರು ನುಡೀಲೂ ಏಳ್ದೆ."

"ಪದದಲ್ಲಿ ಏಳ್ದ್ರೆ ಏಳ್ದಂಗಾಯ್ತಾ? ನನ್ ಕಿವೀಲಿ ಒಂದ್ ಮಾತು ಅನ್ನಕ್ಕೆ ಏನ್ ದಾಡಿಯಾಗಿತ್ತು ನಿಂಗೆ? ನಿನ್ ಬಾಯಿಗೇನ್ ಬಡ್ದಿತ್ತು?"

ಇಂಥ ಮಾತು ನಾನು ಅವಳಿಗೆ ಯಾವತ್ತೂ ಅಂದಿರಲಿಲ್ಲ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಎಲ್ಲ ಹೇಳಿದಳು. ಪಾನಕ ಕೊಡಲು ಹೋದಾಗ ಬಿಡದಿ ಮನೆಯಲ್ಲಿ ಗಂಡಿನ ಕಡೆಯ ಮುದುಕಿಯೊಬ್ಬಳು ಇನ್ನೊಬ್ಬಳಿಗೆ, ಆ ಕಾಡಿನಾಚೆಯವಳು ಕೂಸು ಕಟ್ಟಿಕೊಂಡು ಎಷ್ಟು ಅಳುತ್ತಿದ್ದಾಳೋ ಅನ್ನುತ್ತಿದ್ದಳಂತೆ. ಚಿಕ್ಕವ್ವ ಎದ್ದೆನೋ ಬಿದ್ದೆನೋ ಎಂದು ಚಿಕ್ಕಪ್ಪನ ಹತ್ತಿರ ಓಡಿದಳು. ಚಿಕ್ಕಪ್ಪ ಬೆರಗಾಗಲೇ ಇಲ್ಲ. ಗಂಡಸರ ವಿಷಯ, ಮದುವೆಯಾದ ಮೇಲೆ ತಾನಾಗಿ ಸರಿಹೋಗುತ್ತದೆ ಅಂದರು. ನೀನು ಒಂದು ಮಾತು ಆಚೆ ಬಿಟ್ಟರೆ ನಾಳೆ ಇದೇ ಚಪ್ಪರದಿಂದ ನಿನ್ನ ಗಂಟುಮೂಟೆ ಕಟ್ಟಿಸುತ್ತೇನೆ, ಮಕ್ಕಳಿಲ್ಲದವಳನ್ನು ಇಷ್ಟು ದಿನ ಇಟ್ಟುಕೊಂಡದ್ದೇ ಹೆಚ್ಚು ಅಂದರು.

"ಇರೋದು ಒಂದೇ ದಾರಿ ಅನ್ನುಸ್ತು" ಅಂದಳು ಚಿಕ್ಕವ್ವ. "ಬೀಗರ ಪದದಲ್ಲಿ ಏನಂದ್ರೂ ಯಾರೂ ಕೇಳಂಗಿಲ್ವಲ್ಲ, ನಿಮ್ ಚಿಕ್ಕಪ್ಪನೂ ಕೇಳಂಗಿಲ್ಲ. ಬ್ಯಾರೆಯವರು ನಗ್ಲಿ ಬುಡು, ನೀನು ನಗಾಕಿಲ್ಲ ಅಂದ್ಕಂಡೆ. ನಿನ್ಗೆ ರಾಗ ಗೊತ್ತು. ಬೀಗರ ಪದಕ್ಕೆ ಒಪ್ಸೋ ರಾಗ ಆಕಿದ್ರೆ ಯಾಕ್ ಆಕವಳೆ ಅಂತ ನಿನ್ಗೊಬ್ಳಿಗಾದ್ರೂ ತಿಳೀತದೆ ಅಂದ್ಕಂಡೆ. ನಿನ್ ಮಕಾನೇ ನೋಡ್ಕಂಡು ಏಳ್ದೆ."

"ನಾನು ನಕ್ಕೆ."

"ನಕ್ಕೆ. ತಾಳಾನೂ ಆಕ್ದೆ. ತಲೆ ಆಡುಸ್ದೆ." ಚಿಕ್ಕವ್ವ ಅರಿಶಿನದ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಇವ್ಳಿಗೆ ಗೊತ್ತಾಯ್ತು, ಗೊತ್ತಾಗಿ, ಇರ್ಲಿ ಬುಡು ಚಿಕ್ಕವ್ವ, ನಂಗೆ ಅವ್ನೇ ಬೇಕು ಅಂತಾವಳೆ ಅಂದ್ಕಂಡೆ. ದೊಡ್ಡ ಮನೆ, ಅಂಗಡಿ, ಅದ್ಕೇ ಒಪ್ಕಂಡವಳೆ ಅಂದ್ಕಂಡೆ. ಅವ್ಳೇ ಒಪ್ಕಂಡ್ಮ್ಯಾಕೆ ನಾನ್ಯಾಕೆ ಬಾಯಾಕ್ಲಿ ಅಂತ ಇತ್ಲಿಗೋಗಿ ಕುಂತ್ಕಂಡು ಅತ್ತೆ. ನಾಕು ವರ್ಸದಿಂದ ನಿನ್ ಮ್ಯಾಲೆ ಮುನಿಸು ನಂಗೆ. ಇನ್ನೊಬ್ಳ ಮನೆ ಮುರ್ದು ಓದ್ಲಲ್ಲ ನನ್ ಮಗ್ಳು ಅಂತ."

ಅರಿಶಿನ ಸರಿಸಿ ನೆಲದ ಮೇಲೆ ಕುಳಿತೆ. ಅವಳ ಮುನಿಸನ್ನು ನಾನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ನನ್ನ ನಗುವನ್ನು ಅವಳು ಒಪ್ಪಿಗೆ ಅಂದುಕೊಂಡಿದ್ದಳು. ಜೊತೆಗೆ ಹಾಡಿ ಹಾಡಿ, ಒಬ್ಬಳ ಉಸಿರು ಇನ್ನೊಬ್ಬಳಿಗೆ ತಿಳಿಯುತ್ತದೆ ಎಂದು ಇಬ್ಬರೂ ನಂಬಿದ್ದೆವು. ಏನು ತಿಳಿಯಿತು, ಮಣ್ಣು!

"ನಂಗೇನೂ ಗೊತ್ತಾಗ್ನಿಲ್ಲ ಚಿಕ್ಕವ್ವ" ಅಂದೆ. "ರಾಗ ಚೆಂದಾಗದೆ ಅಂತ ತಾಳ ಆಕ್ದೆ. ನನ್ ಮದ್ವೆಗೆ ಎಷ್ಟ್ ಚೆಂದಾಗಿ ಕಟ್ಟವಳೆ ಅಂತ ತಲೆ ಆಡುಸ್ದೆ. ಅಷ್ಟೇ."

ಮಗ ಒಂದು ಅರಿಶಿನದ ಕೊಂಬು ಬಾಯಿಗಿಟ್ಟುಕೊಂಡಿದ್ದ, ಅದನ್ನು ಕಿತ್ತುಕೊಳ್ಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ಅಂಗಾರೆ..." ಅಂದಳು ಚಿಕ್ಕವ್ವ. ಮತ್ತೆ ಎತ್ತಿಕೊಂಡಳು. "ಅಂಗಾರೆ, ಅವತ್ತು ಗೊತ್ತಾಗಿದ್ರೆ ಏನ್ ಮಾಡ್ತಿದ್ದೆ? ಚಪ್ಪರ ಆಕಿ, ಬೀಗರು ಬಂದು, ಅಷ್ಟ್ ಜನ ಸೇರಿದ್ರು. ಎಂಗೂ ಆಯ್ತಿತ್ತು ಅಲ್ವಾ? ನಾನು ಕಿವೀಲಿ ಏಳಿದ್ರೂ ಆ ತಾಳಿ ಬೀಳ್ತಿತ್ತು ಅಲ್ವಾ?"

ಅವಳಿಗೆ ಹೌದು ಅನ್ನಿಸಿಕೊಳ್ಳಬೇಕಿತ್ತು. ಅದು ನನಗೆ ಕಾಣುತ್ತಿತ್ತು. ಹೌದು ಎಂದು ಸುಮ್ಮನೆ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಸಂಜೆಯ ನನ್ನನ್ನು ನಾನು ಬಲ್ಲೆ. ಹದಿನೆಂಟು ವರ್ಷದ ಹಟಮಾರಿ, ಯಾರ ಅಂಕೆಗೂ ಸಿಗದವಳು, ಅಪ್ಪನ ಮುದ್ದಿನ ಮಗಳು. ಚಿಕ್ಕಪ್ಪನ ಎದುರು ಯಾವತ್ತೂ ಬಾಯಿ ತೆರೆಯದ ಅಪ್ಪ ನನಗಾಗಿ ಒಂದು ಸಲ ತೆರೆಯುತ್ತಿದ್ದ.

"ಇಲ್ಲ ಚಿಕ್ಕವ್ವ" ಅಂದೆ. "ಎದ್ದು ಬತ್ತಿದ್ದೆ."

ಅವಳಿಗೆ ಕೇಳಿಸಲಿಲ್ಲವೇನೋ ಅನ್ನುವ ಹಾಗೆ ನೋಡಿದಳು.

"ಅಪ್ಪನ ಕಾಲಿಡ್ಕಂಡು ಚಪ್ಪರದಿಂದ ಎದ್ದು ಬತ್ತಿದ್ದೆ. ನೀನು ಒಂದ್ ಮಾತು ಅಂದಿದ್ರೆ ಸಾಕಿತ್ತು."

ಚಿಕ್ಕವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಒಳಗೆ ಮಲಗಿದವರಿಗೆ ಕೇಳಿಸದ ಹಾಗೆ ಅತ್ತಳು. ನಾನು ಹತ್ತಿರ ಸರಿದು ಬೆನ್ನ ಮೇಲೆ ಕೈ ಇಟ್ಟೆ. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ನಾನೂ ಅತ್ತೆ. ನನ್ನ ಹೊಟ್ಟೆಯಲ್ಲಿ ಆರು ತಿಂಗಳು, ಕಣ್ಣೆದುರು ಎರಡು ವರ್ಷದ ಮಗ, ಗುಂಡ್ಲುಪೇಟೆಯ ಮನೆಯಲ್ಲಿ ಚಾಪೆಯ ಮೇಲೆ ಇನ್ನೊಂದು ಮಗು. ಈಗ ಎದ್ದು ಬರಲು ನನಗೆ ಯಾವ ಚಪ್ಪರವೂ ಇರಲಿಲ್ಲ.

ಒಳಗೆ ಚಿಕ್ಕಪ್ಪನಿಗೆ ಎಚ್ಚರವಾಯಿತು. ಕೆಮ್ಮಿ, "ಲೇ, ನೀರು ತತ್ತಾ" ಎಂದು ಕೂಗಿದರು. ಚಿಕ್ಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ತಂಬಿಗೆ ತುಂಬಿಕೊಂಡು ಒಳಗೆ ಹೋದಳು.